30×40 ಸೈಟಿನ ಮನೆ, 18 ಏರು, ಒಂದು ಕುರ್ಚಿ ಲಿಫ್ಟ್: ಪ್ರಕರಣ ಅಧ್ಯಯನ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೆ ನಾಲ್ಕಾರು ಸಿಗುವಂಥ ಡುಪ್ಲೆಕ್ಸ್ ಮನೆ. ಕೆಳಗೆ ಹಾಲ್, ಅಡುಗೆಮನೆ, ದೇವರ ಕೋಣೆ, ಮೆಟ್ಟಿಲ ಅಡಿಯಲ್ಲಿ ತುರುಕಿದ ಪುಟ್ಟ ಶೌಚಾಲಯ. ಮಲಗುವ ಕೋಣೆಗಳೂ ಕಮೋಡ್ ಇರುವ ಬಚ್ಚಲೂ ಮಹಡಿಯ ಮೇಲೆ. ಮನೆಯ ಹಿರಿಯರನ್ನು ಇಲ್ಲಿ ಅಮ್ಮ ಅಂತಲೇ ಕರೆಯೋಣ. ವಯಸ್ಸು 76, ತೂಕ 78 ಕಿಲೋ. ಮಂಡಿ ಎರಡೂ ಸವೆದಿವೆ, ಎಡಮಂಡಿ 85 ಡಿಗ್ರಿ ದಾಟಿ ಮಡಿಯುವುದಿಲ್ಲ. ಮನೆಯೊಳಗೆ ವಾಕರ್ ಹಿಡಿದು ಓಡಾಡುತ್ತಾರೆ. ಕೈಯಲ್ಲಿ ಬಲವಿದೆ, ಕಣ್ಣು ಚೆನ್ನಾಗಿದೆ, ನೆನಪು ಮಗನಿಗಿಂತ ಚುರುಕು. ಕೊನೆಯ ಈ ಮೂರು ಸಂಗತಿ ಮುಖ್ಯ. ಗುಂಡಿಯನ್ನು ಒತ್ತಿ ಹಿಡಿದಿರಲಾಗದವರಿಗೆ, ಚಲಿಸುತ್ತಿರುವಾಗಲೇ ಎದ್ದುಬಿಡುವ ಮರೆವಿನವರಿಗೆ, ಕೂತಲ್ಲೇ ತೂಗಾಡಿ ಬೀಳುವವರಿಗೆ ಕುರ್ಚಿ ಲಿಫ್ಟ್, ಅಂದರೆ ಮೆಟ್ಟಿಲ ಮೇಲಿನ ಹಳಿಯಲ್ಲಿ ಕೂತವರನ್ನು ಹೊತ್ತು ಹತ್ತಿಳಿಯುವ ಕುರ್ಚಿ, ಹೊಂದುವುದಿಲ್ಲ.

ಮಗ ಕೇಳಿದ್ದು ಒಂದೇ ಪ್ರಶ್ನೆ: ಯಾವ ಕಂಪನಿಯದು ಒಳ್ಳೆಯದು? ಆ ಪ್ರಶ್ನೆಗೆ ಉತ್ತರ ಕೊನೆಗೆ ಬರಬೇಕು. ಅದಕ್ಕೂ ಮುಂಚೆ ಟೇಪು ಹಿಡಿಯಬೇಕು.

ಲಿಫ್ಟೇ ಬೇಡವಾದರೆ?

ಎಲ್ಲಕ್ಕಿಂತ ಅಗ್ಗದ ದಾರಿ ಅಮ್ಮನ ಮಂಚವನ್ನು ಕೆಳಗೆ ತರುವುದು. ಅಡ್ಡಿಯಾದದ್ದು ಶೌಚಾಲಯ. ಅದರ ಬಾಗಿಲು 2 ಅಡಿ. ವಾಕರ್‌ನ ಅಗಲವೂ ಸುಮಾರು ಅಷ್ಟೇ. ಒಳಗೆ ಮೆಟ್ಟಿಲ ಇಳಿಜಾರು ತಲೆಗೆ ತಾಗುತ್ತದೆ, ಕಮೋಡ್ ಕೂರಿಸಿದರೆ ಎದ್ದು ನಿಲ್ಲುವ ಜಾಗದಲ್ಲೇ ಬಗ್ಗಬೇಕು. ಹಾಲ್‌ನ ಮೂಲೆ ಒಡೆದು ಹೊಸ ಬಚ್ಚಲು ಕಟ್ಟಬಹುದಿತ್ತು, ಆದರೆ ಚರಂಡಿ ಪೈಪು ಮನೆಯ ಇನ್ನೊಂದು ಬದಿಯಲ್ಲಿದೆ, ನೆಲ ಪೂರ್ತಿ ಅಗೆಯಬೇಕು. ಇಷ್ಟೆಲ್ಲ ನೋಡಿಯೇ ಕೈಬಿಟ್ಟದ್ದು. ನೋಡದೆ ಕೈಬಿಡುವ ಮನೆಗಳೇ ಜಾಸ್ತಿ.

ಹೋಂ ಲಿಫ್ಟ್ ಎರಡನೆಯ ದಾರಿ. ಒಬ್ಬರು ನಿಲ್ಲುವಷ್ಟರದ್ದಕ್ಕೂ ಹೆಚ್ಚುಕಡಿಮೆ 4×4 ಅಡಿ ಜಾಗ ಬೇಕು. ಮನೆ ಕಟ್ಟುವಾಗ ಡಕ್ಟ್ (ಲಿಫ್ಟ್ ಓಡಾಡಲು ಮೇಲಿನಿಂದ ಕೆಳಗಿನ ತನಕ ಖಾಲಿ ಜಾಗ) ಬಿಟ್ಟಿಲ್ಲ, ಸ್ಲ್ಯಾಬ್ ಕತ್ತರಿಸಲು ಯೋಚಿಸಿದ ಜಾಗದಲ್ಲೇ ತೊಲೆ ಹಾದುಹೋಗಿದೆ. ಮೇಲಾಗಿ ಕರ್ನಾಟಕದಲ್ಲಿ ಲಿಫ್ಟ್ ಹಾಕಿಸಲು, ನಡೆಸಲು ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಬೇಕು. ಉಳಿದದ್ದು ಕುರ್ಚಿ ಲಿಫ್ಟ್.

ಯಂತ್ರ ಹೇಗೆ ಕೆಲಸ ಮಾಡುತ್ತದೆ

ಮೆಟ್ಟಿಲ ಮೇಲೆ ಕಾಲು ನೆಟ್ಟು ನಿಂತ ಹಳಿ, ಹಳಿಯುದ್ದಕ್ಕೂ ಹಲ್ಲುಪಟ್ಟಿ, ಅದನ್ನು ಕಚ್ಚಿಕೊಂಡು ಉರುಳುವ ಹಲ್ಲುಚಕ್ರ, ಚಕ್ರವೂ ಮೋಟರೂ ಬ್ಯಾಟರಿಯೂ ಇರುವ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕುರ್ಚಿ. ಹಳಿ ಗೋಡೆಗಲ್ಲ, ಸಾಮಾನ್ಯವಾಗಿ ಮೆಟ್ಟಿಲಿಗೆ ಬಿಗಿಯುತ್ತಾರೆ. ಹಾಗಾಗಿ ಗೋಡೆ ಟೊಳ್ಳು ಇಟ್ಟಿಗೆಯದಾದರೂ ಚಿಂತೆಯಿಲ್ಲ. ಮೋಟರ್ ಓಡುವುದು ಮನೆಯ 230 ವೋಲ್ಟಿನಿಂದ ನೇರವಾಗಿ ಅಲ್ಲ, ಸಾಲಾಗಿ ಜೋಡಿಸಿದ ಎರಡು 12 ವೋಲ್ಟ್ ಬ್ಯಾಟರಿಗಳಿಂದ. ಸಾಮಾನ್ಯವಾಗಿ ಹಳಿಯ ಎರಡೂ ತುದಿಯಲ್ಲಿ ಚಾರ್ಜಿಂಗ್ ಬಿಂದುಗಳಿರುತ್ತವೆ, ಕುರ್ಚಿ ಅಲ್ಲಿ ನಿಂತಾಗ ಮಾತ್ರ ಚಾರ್ಜ್ ಆಗುತ್ತದೆ. ಕರೆಂಟು ಹೋದರೂ ಪೂರ್ತಿ ಚಾರ್ಜ್ ಆದ ಕುರ್ಚಿ ಎಂಟು ಹತ್ತು ಸಲ ಹತ್ತಿಳಿಯಬಲ್ಲದು. ಇಳಿಯುವಾಗ ಖರ್ಚಾಗುವುದು ಅತ್ಯಲ್ಪ.

ಯುರೋಪಿನ ಇಎನ್ 81-40 ಮಾನಕದ ಪ್ರಕಾರ ವೇಗ ಸೆಕೆಂಡಿಗೆ 0.15 ಮೀಟರ್ ಮೀರುವಂತಿಲ್ಲ. ನಿಜದಲ್ಲಿ ಹೆಚ್ಚಿನವು 0.1ರ ಆಸುಪಾಸಿನಲ್ಲಿ ಓಡುತ್ತವೆ, ತಿರುವಿನಲ್ಲಿ ಇನ್ನೂ ನಿಧಾನ. ಅಮ್ಮನ ಮಹಡಿಗೆ ಸುಮಾರು ಎರಡು ನಿಮಿಷ. "ಅಷ್ಟರಲ್ಲಿ ವಿಷ್ಣು ಸಹಸ್ರನಾಮದ ಇಪ್ಪತ್ತು ಶ್ಲೋಕ ಮುಗಿಯತ್ತೆ ಬಿಡೋ" ಅಂದರು ಅಮ್ಮ. ನಿಧಾನದ ಬಗ್ಗೆ ತಕರಾರು ಬರುವುದು ಕಿರಿಯರಿಂದಲೇ.

ಅಳತೆ

ನೆಲದಿಂದ ಮಹಡಿಗೆ 10 ಅಡಿ 6 ಇಂಚು. ಒಂದೊಂದೂ 7 ಇಂಚು ಎತ್ತರದ 18 ಏರು, ಒಂಬತ್ತೊಂಬತ್ತರ ಎರಡು ಸಾಲು, ನಡುವೆ 180 ಡಿಗ್ರಿ ತಿರುಗುವ ಲ್ಯಾಂಡಿಂಗ್. ಮೆಟ್ಟಿಲಲ್ಲಿ ಪಾದ ಇಡುವ ಜಾಗ, ಮುಂದಿನಿಂದ ಹಿಂದಕ್ಕೆ, 10 ಇಂಚು. ಇಳಿಜಾರು 35 ಡಿಗ್ರಿ ಬರುತ್ತದೆ, ಯಾವ ಯಂತ್ರಕ್ಕೂ ಕಷ್ಟವಲ್ಲ. ಗೋಡೆಯಿಂದ ಕಟಾಂಜನದವರೆಗೆ ಖಾಲಿ ಜಾಗ 34 ಇಂಚು.

ಈ 34ನ್ನು ಒಂದೇ ಕಡೆ ಅಳೆದು ಬರೆದುಕೊಂಡರೆ ಪ್ರಯೋಜನವಿಲ್ಲ. ಮೂರು ಎತ್ತರದಲ್ಲಿ ಅಳೆಯಬೇಕು: ಪಾದದ ಮಟ್ಟ, ಮಂಡಿಯ ಮಟ್ಟ, ಭುಜದ ಮಟ್ಟ. ಕೂತವರು ಗೋಡೆಗೆ ಬೆನ್ನು ಹಾಕಿ, ಮಂಡಿಯನ್ನು ಕಟಾಂಜನದತ್ತ ಚಾಚಿ ಅಡ್ಡಡ್ಡವಾಗಿ ಹೋಗುತ್ತಾರೆ. ಅಮ್ಮನನ್ನು ಊಟದ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂರಿಸಿ, ಬೆನ್ನಿನಿಂದ ಮಂಡಿಯ ತುದಿಗೆ ಅಳೆದರೆ 23 ಇಂಚು. ಕುರ್ಚಿಯ ಬೆನ್ನು ಗೋಡೆಯಿಂದ 4 ಇಂಚು ದೂರ. ಮುಂದೆ ಕನಿಷ್ಠ 1 ಇಂಚು ಬಿಡುವು. ಒಟ್ಟು 28. ಇನ್ನೂ 6 ಇಂಚು ಉಳಿಯಿತು ಎಂದು ಎಲ್ಲರೂ ನಿರಾಳ.

ಮೇಲಿನ ಸಾಲಿನ ನಾಲ್ಕನೆಯ ಮೆಟ್ಟಿಲ ಪಕ್ಕ, ಭುಜದ ಮಟ್ಟದಲ್ಲಿ, ಎಂಸಿಬಿ (ಕರೆಂಟಿನ ಸುರಕ್ಷತಾ ಸ್ವಿಚ್) ಪೆಟ್ಟಿಗೆ ಗೋಡೆಯಿಂದ 4 ಇಂಚು ಹೊರಗೆ ಚಾಚಿಕೊಂಡಿತ್ತು. ಕುರ್ಚಿಯ ಬೆನ್ನಿಗೂ ಗೋಡೆಗೂ ಇರುವ ಅಂತರವೂ ಅಷ್ಟೇ. ಅಂದರೆ ಅಮ್ಮನ ಭುಜ ಪೆಟ್ಟಿಗೆಯನ್ನು ಉಜ್ಜಿಕೊಂಡೇ ಹೋಗಬೇಕು. ಹಳಿಯನ್ನು 4 ಇಂಚು ಈಚೆ ತಂದರೆ 32 ಆಯಿತು. ಕಟಾಂಜನದ ಮೇಲಿನ ಮರದ ಹಿಡಿ ಒಳಕ್ಕೆ ಒಂದೂವರೆ ಇಂಚು ಉಬ್ಬಿದೆ. ಉಳಿದದ್ದು ಅರ್ಧ ಇಂಚು. ಸೀರೆಯ ನಿರಿಗೆಯೇ ಅದಕ್ಕಿಂತ ದಪ್ಪ. ಕಡೆಗೆ ಹಳಿ ಇದ್ದಲ್ಲೇ ಉಳಿಯಿತು, ಎಲೆಕ್ಟ್ರಿಷಿಯನ್ ಬಂದು ಪೆಟ್ಟಿಗೆಯನ್ನು ಗೋಡೆಯೊಳಗೆ ಹುದುಗಿಸಿಕೊಟ್ಟ. 

ಲ್ಯಾಂಡಿಂಗಿನ ಕಿಟಕಿ ಇನ್ನೊಂದು. ಅದರ ರೆಕ್ಕೆಗಳು ಒಳಕ್ಕೆ ತೆರೆಯುತ್ತವೆ, 18 ಇಂಚು. ಯಾರೋ ಗಾಳಿಗೆಂದು ತೆರೆದಿಟ್ಟರೆ ಕುರ್ಚಿಯಲ್ಲಿ ಬರುವವರ ತಲೆಯ ಹಿಂಭಾಗಕ್ಕೆ ಸರಿಯಾಗಿ ಬಡಿಯುತ್ತದೆ. ಕಾಲುಹಲಗೆ, ಮೋಟರ್ ಪೆಟ್ಟಿಗೆಗಳ ಅಂಚಿಗೆ ಏನಾದರೂ ತಾಗಿದರೆ ನಿಲ್ಲಿಸುವ ಸೆನ್ಸರ್ ಇರುತ್ತದೆ, ತಲೆಯ ಹಿಂದೆ ಇರುವುದಿಲ್ಲ. ಕಿಟಕಿಯನ್ನು ಸ್ಲೈಡಿಂಗ್ ಮಾಡಿಸಿದ್ದು ಸರ್ವೆಗೆ, ಅಂದರೆ ಕಂಪನಿಯವರು ಬಂದು ಅಳತೆ ತೆಗೆಯುವುದಕ್ಕೆ, ಮುಂಚೆಯೇ.

ಮೂರು ಆಯ್ಕೆ, ಒಂದು ಲೆಕ್ಕ

ಮೊದಲನೆಯದು, ಎರಡು ನೇರ ಹಳಿ, ಎರಡು ಕುರ್ಚಿ. ಕೆಳಸಾಲಿಗೊಂದು, ಮೇಲಿನ ಸಾಲಿಗೊಂದು, ಲ್ಯಾಂಡಿಂಗಿನಲ್ಲಿ ಇಳಿದು ಬದಲಾಯಿಸಿಕೊಳ್ಳುವುದು. ನೇರ ಹಳಿ ಅಲ್ಯೂಮಿನಿಯಂ ಪಟ್ಟಿ, ಸ್ಥಳದಲ್ಲೇ ಉದ್ದಕ್ಕೆ ಕತ್ತರಿಸಿ ಕೂರಿಸುತ್ತಾರೆ, ಅರ್ಧ ದಿನದ ಕೆಲಸ. ನಾಳೆ ಬೇಡವಾದರೆ ಬಿಚ್ಚಿ ಬೇರೆ ಮನೆಗೂ ಹಾಕಬಹುದು. ಎರಡನೆಯದು, ಒಳಬದಿಗೆ, ಅಂದರೆ ಕಟಾಂಜನದ ಪಕ್ಕದಲ್ಲಿ, ತಿರುವಿನ ಹಳಿ. ಮೂರನೆಯದು, ಹೊರಗೋಡೆಯ ಪಕ್ಕ ತಿರುವಿನ ಹಳಿ. ತಿರುವಿನ ಹಳಿಯನ್ನು ಇದೇ ಮೆಟ್ಟಿಲ ಅಳತೆಗೆ ಕಾರ್ಖಾನೆಯಲ್ಲಿ ಬಾಗಿಸಿ ತರಬೇಕು. ಒಂದು ನೇರ ಹಳಿಯ ಕುರ್ಚಿಯ ಬೆಲೆಗಿಂತ ಎರಡು ಪಟ್ಟು ದಾಟುವುದು ಸಾಮಾನ್ಯ. ಬೇಡವಾದ ದಿನ ಹಳಿ ಗುಜರಿಗೇ ಹೋಗುವುದು.

ಹಣದ ಲೆಕ್ಕದಲ್ಲಿ ಎರಡು ನೇರ ಹಳಿಯೇ ಗೆಲ್ಲುತ್ತಿತ್ತು. ಮಗ ಅದಕ್ಕೇ ಮುಂಗಡ ಕೊಡಲು ಹೊರಟಿದ್ದ. ತಡೆದದ್ದು ಸೊಸೆ ಮಾಡಿದ ಇನ್ನೊಂದು ಲೆಕ್ಕ. ಅತ್ತೆ ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತಾರೆ ಎಂದು ಒಂದು ವಾರ ಕ್ಯಾಲೆಂಡರಿನ ಮೇಲೆ ಗೀಟು ಹಾಕಿದಳು. ದಿನಕ್ಕೆ ಮೂರು ಸಲ ಮೇಲೆ, ಮೂರು ಸಲ ಕೆಳಗೆ. ಒಂದೇ ಕುರ್ಚಿಯಾದರೆ ದಿನಕ್ಕೆ ಆರು ಸಲ ಕೂತು ಏಳಬೇಕು. ಎರಡು ಕುರ್ಚಿಯಾದರೆ ಹನ್ನೆರಡು.

ಸವೆದ ಮಂಡಿಗೆ ಅತಿ ಕಷ್ಟದ ಕೆಲಸಗಳಲ್ಲಿ ಕೂರುವುದು, ಏಳುವುದೂ ಸೇರಿವೆ. ಕುರ್ಚಿ ಲಿಫ್ಟ್ ತಪ್ಪಿಸುವುದು ಹತ್ತುವ ಕಷ್ಟವನ್ನು, ಏಳುವ ಕಷ್ಟವನ್ನಲ್ಲ. ಹೆಚ್ಚುವರಿ ಆರು ಸಲವೂ ನಡೆಯುವುದು 3 ಅಡಿ ಆಳದ ಲ್ಯಾಂಡಿಂಗಿನಲ್ಲಿ, ಬೆನ್ನ ಹಿಂದೆಯೇ ಒಂಬತ್ತು ಏರಿನ ಪ್ರಪಾತ ಇಟ್ಟುಕೊಂಡು. ಅಲ್ಲಿ ನಿಂತು ತಿರುಗಲು ಮೂರನೆಯ ವಾಕರ್ ಬೇಕು. (ಎರಡಂತೂ ಹೇಗೂ ಬೇಕು, ಕೆಳಗೊಂದು, ಮೇಲೊಂದು. ವಾಕರನ್ನು ತೊಡೆಯ ಮೇಲಿಟ್ಟುಕೊಂಡು ಪ್ರಯಾಣಿಸಬಾರದು.) ಮೇಲಾಗಿ ಎರಡು ಯಂತ್ರ, ನಾಲ್ಕು ಬ್ಯಾಟರಿ, ಎರಡು ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ). ನಡೆಯಬಲ್ಲ, ಉಬ್ಬಸ ಅಥವಾ ಹೃದಯದ ತೊಂದರೆಯಿಂದ ಮಾತ್ರ ಹತ್ತಲಾಗದವರಿಗೆ ಎರಡು ನೇರ ಹಳಿ ಜಾಣತನದ ಆಯ್ಕೆ. ಅಮ್ಮನಿಗಲ್ಲ.

ಉಳಿದದ್ದು ಒಳಬದಿಯೋ ಹೊರಬದಿಯೋ. ಒಳಬದಿಯ ಹಳಿ ಗಿಡ್ಡ, ಸುಮಾರು ಆರೂವರೆ ಮೀಟರ್. ಹೊರಬದಿ ಒಂಬತ್ತೂವರೆ. ಆದರೆ ಒಳಬದಿಯಲ್ಲಿ ಹಳಿ ಹಾಕಿದರೆ ಇರುವ ಒಂದೇ ಕಟಾಂಜನ ಹಳಿಯ ಹಿಂದೆ ಮರೆಯಾಗುತ್ತದೆ. ನಡೆದು ಹೋಗುವವರು, ಅದರಲ್ಲೂ 80 ದಾಟಿದ ಅಪ್ಪ, ಹಿಡಿಯಲು ಏನೂ ಇಲ್ಲದ ಗೋಡೆಯ ಪಕ್ಕ ನಡೆಯಬೇಕು. ಮೊದಲ ಮೆಟ್ಟಿಲಿನಲ್ಲೇ ಕಟಾಂಜನದ ದಪ್ಪ ಕಂಬವೂ ಅಡ್ಡ. ಹೊರಗೋಡೆ ಗೆದ್ದದ್ದು ಅದಕ್ಕೇ.

ಎರಡು ತುದಿ

ಮೆಟ್ಟಿಲ ನಡುವಿನ ಪ್ರಯಾಣ ಯಾವ ಕಂಪನಿಯದಾದರೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕಾಣುವುದು ಹತ್ತುವ, ಇಳಿಯುವ ಜಾಗದಲ್ಲಿ.

ಮೇಲ್ತುದಿಯಲ್ಲಿ ಗೋಡೆ ಕೊನೆಯ ಮೆಟ್ಟಿಲಿಗೆ ಮುಗಿದು ಬಲಕ್ಕೆ ತಿರುಗುತ್ತದೆ. ಹಳಿಯನ್ನು ಅಲ್ಲೇ ನಿಲ್ಲಿಸಿದರೆ ಕುರ್ಚಿಯನ್ನು ತಿರುಗಿಸಿ ಇಳಿಯಬೇಕು. ತಿರುಗಿ ಲಾಕ್ ಆಗುವ ಕುರ್ಚಿ ಹೆಚ್ಚಿನವುಗಳಲ್ಲಿ ಇರುತ್ತದೆ, ಆದರೆ ಕಾಲಿಡುವ ಜಾಗ ಮೆಟ್ಟಿಲ ಅಂಚಿನಿಂದ ಗೇಣು ದೂರ. ಹಳಿಯನ್ನು ಗೋಡೆಯ ಮೂಲೆ ಸುತ್ತಿಸಿ ಮಹಡಿಯ ನೆಲದ ಮೇಲೆ ಎರಡು ಅಡಿ ಒಯ್ದರೆ, ಕುರ್ಚಿ ಮೆಟ್ಟಿಲ ಬಾಯಿಯಿಂದ ಪೂರ್ತಿ ಆಚೆ ನಿಲ್ಲುತ್ತದೆ. ಇದಕ್ಕೆ ಪಾರ್ಕಿಂಗ್ ಬೆಂಡ್ ಎನ್ನುತ್ತಾರೆ, ಬೆಲೆ ಹೆಚ್ಚು. ಬೇರೆಲ್ಲ ಬಿಟ್ಟು ಇದನ್ನು ಉಳಿಸಿಕೊಳ್ಳಿ ಎಂದು ಈ ಮನೆಯವರಿಗೆ ಹೇಳಲಾಯಿತು. ಮೆಟ್ಟಿಲು ಬಳಸುವ ಉಳಿದವರಿಗೂ ಇದರಿಂದ ಲಾಭ. ಮಡಚಿದ ಕುರ್ಚಿ ಮೆಟ್ಟಿಲ ಮೇಲೆ ನಿಂತರೆ ನಡೆಯಲು ಉಳಿಯುವುದು 18 ಇಂಚು, ಅದು ಆಚೆ ನಿಂತು ಹಳಿ ಮಾತ್ರ ಇದ್ದರೆ 26. ಬಟ್ಟೆ ಬಕೆಟ್ ಹಿಡಿದು ತಾರಸಿಗೆ ಹೋಗುವವರಿಗೆ ಈ 8 ಇಂಚಿನ ಬೆಲೆ ಗೊತ್ತು.

ಕೆಳತುದಿಯಲ್ಲಿ ಅಡುಗೆಮನೆಯ ಬಾಗಿಲು. ಮೊದಲ ಮೆಟ್ಟಿಲಿನಿಂದ 14 ಇಂಚಿಗೇ ಚೌಕಟ್ಟು. ಮಾಮೂಲಿ ಹಳಿ ಮೆಟ್ಟಿಲು ದಾಟಿ ಅಡಿಯಷ್ಟು ನೆಲದ ಮೇಲೆ ಚಾಚುತ್ತದೆ, ಬಿಸಿ ಪಾತ್ರೆ ಹಿಡಿದು ಬರುವವರು ಎಡವಲು ಅಷ್ಟು ಸಾಕು. ಹಳಿಯ ತುದಿಯನ್ನು ಮೇಲಕ್ಕೆ ಮಡಚುವ ಕೀಲು ಸಿಗುತ್ತದೆ. ಕೈಯಿಂದ ಮಡಚುವುದಾದರೆ ಪ್ರತಿ ಸಲ ಯಾರೋ ಬಗ್ಗಬೇಕು, ಮೋಟರಿನದಾದರೆ ಕೆಡಲು ಇನ್ನೊಂದು ಭಾಗ ಹೆಚ್ಚಾಯಿತು. ತಿರುವಿನ ಹಳಿಯಲ್ಲಿ ಇನ್ನೊಂದು ಉಪಾಯವಿದೆ: ತುದಿಯನ್ನು ಕೊನೆಯಲ್ಲಿ ನೆಟ್ಟಗೆ ಕೆಳಕ್ಕೆ ಬಾಗಿಸುವುದು. ಕುರ್ಚಿ ಕೊನೆಯ ಸ್ವಲ್ಪ ದೂರ ಲಂಬವಾಗಿ ಇಳಿಯುತ್ತದೆ, ಹಳಿ ನೆಲದ ಮೇಲೆ ಬಹಳ ಚಾಚುವುದಿಲ್ಲ. ಅದನ್ನೇ ಆರಿಸಿದ್ದು.

ಕುರ್ಚಿಯ ಎತ್ತರ

ಇದನ್ನು ಬ್ರೋಷರ್ ನೋಡಿ ತೀರ್ಮಾನಿಸಲಾಗದು. ಊಟದ ಕುರ್ಚಿಯ ಮೇಲೆ ಹಳೆಯ ದಿನಪತ್ರಿಕೆಗಳ ಕಟ್ಟು ಇಟ್ಟು ಅಮ್ಮನನ್ನು ಕೂರಿಸಲಾಯಿತು. 18 ಇಂಚಿಗೆ ಏಳಲು ಎರಡು ಸಲ ತೂಗಿ ಜಗ್ಗಬೇಕಾಯಿತು. ಒಂದೊಂದೇ ಕಟ್ಟು ಸೇರಿಸುತ್ತ 20 ಇಂಚಿಗೆ ಬಂದಾಗ ಕೈ ಊರಿ ತಾವಾಗಿ ಎದ್ದರು. 21ಕ್ಕೆ ಪಾದ ನೆಲಕ್ಕೆ ಸರಿಯಾಗಿ ತಾಗಲಿಲ್ಲ. ಹಾಗಾಗಿ 20. ಕೆಳಗೂ ಮೇಲೂ, ಕುರ್ಚಿ ನಿಂತ ಜಾಗದಲ್ಲಿ, ನೆಲದಿಂದ ಆಸನದ ಎತ್ತರ 20 ಇಂಚು, ಅಂದರೆ 508 ಮಿಲಿಮೀಟರ್ ಎಂದು ಆರ್ಡರಿನಲ್ಲೇ ಬರೆಸಲಾಯಿತು. ಕಂಪನಿಯವರು ಮಿಲಿಮೀಟರಿನಲ್ಲಿ ಮಾತಾಡುತ್ತಾರೆ, ಮೇಸ್ತ್ರಿ ಇಂಚಿನಲ್ಲಿ. ಎರಡನ್ನೂ ಬರೆಸುವುದು ಕ್ಷೇಮ.

ಮಂಡಿ ಇನ್ನೂ ಕಡಿಮೆ ಮಡಿಯುವವರಿಗೆ ಅರ್ಧ ಕೂತು ಅರ್ಧ ನಿಲ್ಲುವ ಆಸನ ಬರುತ್ತದೆ. ಆಗ ತಲೆಯ ಮೇಲಿನ ಜಾಗವನ್ನು ಹೊಸದಾಗಿ ಅಳೆಯಬೇಕು.

ಗ್ರಾನೈಟ್

ನಮ್ಮ ಮನೆಗಳ ವಿಶೇಷ ಸಮಸ್ಯೆ ಇದು. ವಿದೇಶದ ಕೈಪಿಡಿಗಳು ಮರದ ಮೆಟ್ಟಿಲನ್ನು ಮನಸ್ಸಿನಲ್ಲಿಟ್ಟು ಬರೆದವು. ಇಲ್ಲಿ ಮೇಲೆ 18 ಮಿಲಿಮೀಟರ್ ಗ್ರಾನೈಟ್, ಅದರಡಿ ಗಾರೆ, ಅದರಡಿ ಇಟ್ಟಿಗೆಯ ಮೆಟ್ಟಿಲು, ಎಲ್ಲಕ್ಕೂ ಕೆಳಗೆ ಕಾಂಕ್ರೀಟ್ ಸ್ಲ್ಯಾಬ್. ಸುತ್ತಿಗೆಯಂತೆ ಬಡಿಯುವ ಡ್ರಿಲ್ ಹಚ್ಚಿದರೆ ಕಲ್ಲು ಅಂಚಿನಿಂದ ಅಂಚಿಗೆ ಸೀಳಬಹುದು. ಡೈಮಂಡ್ ಕೋರ್ ಬಿಟ್‌ನಿಂದ, ಬಡಿತ ನಿಲ್ಲಿಸಿ, ನೀರು ಹನಿಸುತ್ತ ಕಲ್ಲನ್ನು ದಾಟಬೇಕು. ಆಮೇಲೆ ಇಟ್ಟಿಗೆಗೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಸಾಲದು, ಜಾಲರಿ ಕೊಳವೆ ಇಳಿಸಿ ಕೆಮಿಕಲ್ ಆಂಕರ್ (ಬೋಲ್ಟನ್ನು ಹಿಡಿದಿಡುವ ಅಂಟು) ತುಂಬಬೇಕು, ಅದು ಗಟ್ಟಿಯಾಗುವ ತನಕ ಬೋಲ್ಟ್ ಬಿಗಿಯಬಾರದು.

ಸರ್ವೆಯ ದಿನ ಪ್ರತಿ ಮೆಟ್ಟಿಲನ್ನೂ ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿ ನೋಡಲಾಯಿತು. ಗಾರೆ ಸರಿಯಾಗಿ ತುಂಬಿದಲ್ಲಿ ಕಟ್ ಕಟ್, ಬಿಟ್ಟುಹೋದಲ್ಲಿ ಟೊಳ್ಳು ಸದ್ದು. ಏರು ಹದಿನೆಂಟಾದರೂ ಎರಡು ಸಾಲಿನ ಕೊನೆಯ ಏರು ಲ್ಯಾಂಡಿಂಗಿಗೆ, ಮಹಡಿಗೆ ಮುಟ್ಟುವುದರಿಂದ ಮೆಟ್ಟಿಲು ಹದಿನಾರು; ಅವುಗಳಲ್ಲಿ ಮೂರು ಟೊಳ್ಳು. ಅವಕ್ಕೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಫೋಟೋ ಕಳಿಸಿದ್ದರಿಂದ ಹಳಿಯ ಕಾಲುಗಳನ್ನು ಪಕ್ಕದ ಮೆಟ್ಟಿಲಿಗೆ ಬರುವಂತೆ ನಕ್ಷೆ ಮಾಡಿದರು. ಸರ್ವೆಯಾದ ಮೇಲೆ ಮೆಟ್ಟಿಲಿಗೆ ಹೊಸ ಕಲ್ಲು, ಮರದ ಹೊದಿಕೆ ಏನೂ ಹಾಕಿಸಬಾರದು. 20 ಮಿಲಿಮೀಟರ್ ಏರಿದರೂ ಬಾಗಿಸಿ ತಂದ ಹಳಿ ಕೂರುವುದಿಲ್ಲ.

ಕಾಗದದಲ್ಲಿ ಏನಿರಬೇಕು

ಹಳಿ ಬರಲು ತಿಂಗಳುಗಳೇ ಹಿಡಿಯಬಹುದು. ಹಾಗಾಗಿ ವಾರಂಟಿ ಕಾರ್ಖಾನೆ ಬಿಟ್ಟ ದಿನದಿಂದಲ್ಲ, ಮನೆಯಲ್ಲಿ ಓಡಿಸಿ ತೋರಿಸಿದ ದಿನದಿಂದ ಶುರುವಾಗಬೇಕು. ಬ್ಯಾಟರಿ ವಾರಂಟಿಯಲ್ಲಿದೆಯೋ ಇಲ್ಲವೋ, ಇಂದಿನ ಬೆಲೆಗೆ ಒಂದು ಜೊತೆ ಎಷ್ಟು, ಊರಲ್ಲೇ ಇರುವ ತಂತ್ರಜ್ಞ ಎಷ್ಟು ಹೊತ್ತಿನಲ್ಲಿ ಬರುತ್ತಾನೆ, ಸರ್ಕಿಟ್ ಬೋರ್ಡ್ ಸ್ಟಾಕಿನಲ್ಲಿದೆಯೇ? ಬ್ರಾಂಡ್ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ. ದೂರದ ದೇಶದ ಹೆಸರಾಂತ ಯಂತ್ರಕ್ಕಿಂತ ಮರುದಿನ ಬರುವ ಹುಡುಗನಿರುವ ಯಂತ್ರ ವಾಸಿ. ಒಟ್ಟು ಬೆಲೆಯ ಶೇ. 10ನ್ನು ಕೊನೆಯ ಕಂತಾಗಿ ಉಳಿಸಿಕೊಂಡು, ಅಮ್ಮ ಸ್ವತಃ ಕೂತು ಹತ್ತಿಳಿದ ಮೇಲೆ ಕೊಡುವುದೆಂದು ಬರೆಯಲಾಯಿತು.

ಆ ದಿನದ ಪರೀಕ್ಷೆ: ಮೇನ್ ಆಫ್ ಮಾಡಿ ಬ್ಯಾಟರಿಯಲ್ಲೇ ಮೂರು ಸಲ ಓಡಿಸಿ. ಕಾಲುಹಲಗೆಯ ದಾರಿಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಇಡಿ, ಮುಟ್ಟಿದ ಕೂಡಲೇ ನಿಲ್ಲಬೇಕು. ಗುಂಡಿಯಿಂದ ಬೆರಳು ತೆಗೆದರೆ ನಿಲ್ಲಬೇಕು. ಕುರ್ಚಿ ತಿರುಗಿಸಿಟ್ಟಾಗ ಚಲಿಸಲೇಬಾರದು. ಕೀಲಿ ತೆಗೆದರೆ ರಿಮೋಟಿನಿಂದಲೂ ಓಡಬಾರದು, ಮೊಮ್ಮಕ್ಕಳು ಬರುವ ಮನೆಯಲ್ಲಿ ಇದು ಬೇಕೇ ಬೇಕು.

ಸೀರೆಯ ವಿಷಯ ಯಾವ ಕೈಪಿಡಿಯಲ್ಲೂ ಕಾಣಲಿಲ್ಲ. ಸೆರಗು ಎಡಭುಜದಿಂದ ಬೆನ್ನ ಹಿಂದೆ ಇಳಿಯುತ್ತದೆ. ಕುರ್ಚಿಯ ಬೆನ್ನ ಹಿಂದೆಯೇ ಹಳಿ, ಹಲ್ಲುಪಟ್ಟಿ. ಮೊದಲ ಸಲ ಕೂತಾಗ ಸೆರಗಿನ ತುದಿ ಆಸನದ ಪಕ್ಕದ ಸಂದಿನಲ್ಲಿ ಜೋತುಬಿದ್ದಿತ್ತು. ಹತ್ತಿ ಸೀರೆಯಾದರೆ ಹರಿಯುತ್ತದೆ, ನೈಲಾನ್ ಆದರೆ ಹರಿಯದೆ ಎಳೆಯುತ್ತದೆ. ಕೂರುವ ಮುಂಚೆ ಸೆರಗನ್ನು ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸುವುದು, ಕೂತ ಮೇಲೆ ನಿರಿಗೆಯನ್ನು ಮಂಡಿಗಳ ನಡುವೆ ಒತ್ತಿ ಬೆಲ್ಟ್ ಹಾಕುವುದು. ಅಮ್ಮನಿಗೆ ಎರಡೇ ದಿನದಲ್ಲಿ ರೂಢಿಯಾಯಿತು.

ಆರನೆಯ ವಾರದ ಫೋನು

"ಕುರ್ಚಿ ಬೀಪ್ ಬೀಪ್ ಅಂತಿದೆ, ಅರ್ಧ ದಾರಿಗೆ ನಿಂತಿದೆ." ಅಮ್ಮ ಲ್ಯಾಂಡಿಂಗಿನ ಹತ್ತಿರ ಸಿಕ್ಕಿಕೊಂಡಿದ್ದರು. ಮೋಟರ್ ಪೆಟ್ಟಿಗೆಯ ಪಕ್ಕದ ಕೈಚಕ್ರ ತಿರುಗಿಸಿ ನಿಧಾನವಾಗಿ ಕೆಳಗಿಳಿಸಲಾಯಿತು. ಬೋರ್ಡ್ ಸರಿಯಿತ್ತು, ಮೋಟರ್ ಸರಿಯಿತ್ತು, ಬ್ಯಾಟರಿ ಎರಡೂ ಬರಿದು. ಕಾರಣ ಚಾರ್ಜರಿನ ಪ್ಲಗ್ ಇದ್ದ ಹಾಲ್‌ನ ಸಾಕೆಟ್. ಅಪ್ಪ ಪ್ರತಿ ರಾತ್ರಿ ಮಲಗುವ ಮುಂಚೆ ಟಿವಿ, ಫ್ಯಾನ್, ಎಲ್ಲ ಸ್ವಿಚ್ ಆಫ್ ಮಾಡುತ್ತ ಬರುತ್ತಾರೆ, ನಲವತ್ತು ವರ್ಷದ ಅಭ್ಯಾಸ. ಅದರಲ್ಲಿ ಇದೂ ಸೇರಿಹೋಗುತ್ತಿತ್ತು. ಬೆಳಿಗ್ಗೆ ಯಾರಾದರೂ ಟಿವಿ ಹಾಕುವ ತನಕ ಅದು ಆಫ್. ಊರಿಗೆಂದು ಹೋದ ಆರು ದಿನವಂತೂ ಪೂರ್ತಿ ಆಫ್.

ಜೊತೆಗೆ ಇನ್ನೊಂದು. ಕೆಲಸದಾಕೆ ಮೆಟ್ಟಿಲಿಗೆ ಬಕೆಟ್ ನೀರು ಸುರಿದು ಪೊರಕೆಯಿಂದ ತೊಳೆಯುತ್ತಿದ್ದಳು. ಕೆಳತುದಿಯ ಚಾರ್ಜಿಂಗ್ ತಗಡಿನ ಮೇಲೆ ಸೋಪಿನ ಬಿಳಿ ಪದರ ಕಟ್ಟಿತ್ತು, ಕುರ್ಚಿ ಅಲ್ಲಿ ನಿಂತರೂ ಸಂಪರ್ಕ ಅರೆಬರೆ. ಒಣ ಬಟ್ಟೆಯಿಂದ ಒರೆಸಿದಾಗ ಹಸಿರು ದೀಪ ಬಂತು. ಮೆಟ್ಟಿಲಿಗೆ ಈಗ ಹಿಂಡಿದ ಮಾಪ್ ಮಾತ್ರ.

ಚಾರ್ಜರಿಗೆ ಪ್ಲಗ್ ಕಿತ್ತು ಪ್ರತ್ಯೇಕ ಎಂಸಿಬಿಯಿಂದ ನೇರ ವೈರ್ ಎಳೆದು, ಗೋಡೆಯೊಳಗೆ ಹುದುಗಿಸಿದ್ದ ಅದೇ ಪೆಟ್ಟಿಗೆಯಲ್ಲಿ ಕೂರಿಸಲಾಯಿತು. ಅದರ ಮೇಲೆ ಅಪ್ಪನೇ ತಮ್ಮ ದುಂಡು ಅಕ್ಷರದಲ್ಲಿ ಬರೆದ ಚೀಟಿ ಅಂಟಿದೆ: "ಇವಳ ಕುರ್ಚಿ. ಮುಟ್ಟಕೂಡದು."